ಅಂಗಡಿಯಿಂದ ಲೇತಿಗೆ ನಾಲ್ಕು ನಿಮಿಷ: ಶಿವಮೊಗ್ಗದ ನಕ್ಷೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಹಾನಗರ ಪಾಲಿಕೆಯ ಆಯುಕ್ತರಿಗೆ, ನಗರಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರು ಮತ್ತು ಅಧಿಕಾರಿಗಳಿಗೆ, ಹಾಗೆಯೇ ನನ್ನ ಊರಿನ ಎಲ್ಲರಿಗೆ,

ನಮಸ್ಕಾರ.

ನಾನು ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವನು. ಬಿ.ಎಚ್. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ 22 ವರ್ಷದಿಂದ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ನಗರ ಯೋಜನೆ ನಾನು ಓದಿಲ್ಲ. ಈ ಊರು ಹೇಗೆ ದುಡಿಯುತ್ತದೆ ಅನ್ನೋದನ್ನು ಮಾತ್ರ ದಿನಾ ಹತ್ತಿರದಿಂದ ನೋಡುತ್ತೇನೆ. ಊರಿನ ನಕ್ಷೆ ಬದಲಿಸುವ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ಲೋಹ ಕಡೆಯುವ ಲೇತು, ವೆಲ್ಡಿಂಗ್, ಗ್ಯಾರೇಜು, ಗೋಡೌನು ಎಲ್ಲವನ್ನೂ ಊರ ಹೊರಗೆ ಹಾಕಿಬಿಡಿ, ಒಳಗೆ ಮನೆ, ಶೋರೂಮು, ಪಾರ್ಕು ಇರಲಿ ಅಂತ. ಕೇಳೋದಕ್ಕೆ ಚೆನ್ನಾಗಿದೆ. ಹಾಗೆ ಮಾಡಿದರೆ ಊರಿನ ಸಂಪಾದನೆಗೇ ಏಟು ಬೀಳುತ್ತದೆ. ಅದನ್ನು ಹೇಳೋದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಕೊಯ್ಲಿನ ಒಂದು ದಿನ ಏನಾಯ್ತು ಅಂತ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಫೋನು ಬಂತು. "ಮಷಿನ್ ನಿಂತೇ ಹೋಯ್ತು ಮಾರಾಯ್ರೇ, ಅಂಗಳದಲ್ಲಿ ಎರಡು ಲೋಡು ಅಡಿಕೆ ಬಿದ್ದಿದೆ." ಹಸಿ ಅಡಿಕೆ ಗೊತ್ತಲ್ಲ, ಮರದಿಂದ ಗೊನೆ ಇಳಿಸಿದ ಮೇಲೆ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ರೇಟು ಬೀಳುತ್ತದೆ. ಕೈಯಲ್ಲಿ ಸುಲಿಸೋಣ ಅಂದರೆ ಮೆಟ್ಟುಗತ್ತಿ ಮುಂದೆ ಕೂರುವ ಜನ ಈಗ ಸಿಗುವುದಿಲ್ಲ. ಶಾಫ್ಟ್, ಅಂದರೆ ಮಷಿನ್ನಿನಲ್ಲಿ ತಿರುಗುವ ಸಲಾಕೆ, ಬಿಚ್ಚಿ ಬಸ್ಸಿಗೆ ಹಾಕಿ ಅಂದೆ. ಅವರು ಗೋಣಿಚೀಲದಲ್ಲಿ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರು.

ಹನ್ನೆರಡೂ ಕಾಲಿಗೆ ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ ಚೀಲ ತಂದೆ. ಬಿಚ್ಚಿ ನೋಡಿದರೆ ಬೇರಿಂಗ್ ಕೂರುವ ಜಾಗ ಪೂರ್ತಿ ಸವೆದಿತ್ತು. ವೆಲ್ಡಿಂಗ್ ಅಂಗಡಿ ನಮ್ಮ ಗಲ್ಲಿಯಲ್ಲೇ ಇದೆ. ಅಲ್ಲಿ ಸವೆದ ಜಾಗದ ಮೇಲೆ ಲೋಹ ತುಂಬಿಸಿದೆ. ಅಲ್ಲಿಂದ ಲೇತಿಗೆ ನಾಲ್ಕು ನಿಮಿಷದ ನಡಿಗೆ. ಲೇತಿನವರು ಕೈಯಲ್ಲಿದ್ದ ಬೇರೆ ಕೆಲಸ ಬದಿಗಿಟ್ಟು ಶಾಫ್ಟನ್ನು ಅಳತೆಗೆ ಇಳಿಸಿ ಕೊಟ್ಟರು. ಇಳಿಸುವಾಗ ಒಂದು ಮಾತು ಹೇಳಿದರು: "ಈ ಸೀಸನ್ನಿನಲ್ಲಿ ಇಂಥದ್ದು ಇದು ಐದನೇದು. ಪುಲ್ಲಿ ಸರಿ ಕೂತಿಲ್ಲ, ಬೆಲ್ಟು ಒಂದೇ ಕಡೆ ಎಳೀತಿದೆ." ಆ ಮಾತು ಕೇಳಿದ ಮೇಲೆ ನಾನು ರಿಪೇರಿಗೆ ಬಂದ ಪ್ರತಿ ಮಷಿನ್ನಿನ ಪುಲ್ಲಿಯನ್ನೂ ಬಿಚ್ಚಿ ನೋಡೋದಕ್ಕೆ ಶುರುಮಾಡಿದೆ. ರಸ್ತೆ ದಾಟಿದರೆ ಬೇರಿಂಗ್ ಅಂಗಡಿ, ಅದರ ಪಕ್ಕದಲ್ಲೇ ಬೆಲ್ಟಿನ ಅಂಗಡಿ. ಮೂರೂವರೆ ಬಸ್ಸಿಗೆ ಚೀಲ ವಾಪಸ್ ಹಾಕಿದೆ. ರಾತ್ರಿ ಏಳಕ್ಕೆ ಮತ್ತೆ ಫೋನು ಬಂತು. ಹಿಂದಿನಿಂದ ಮಷಿನ್ ಓಡುವ ಸದ್ದು ಕೇಳುತ್ತಿತ್ತು.

ಇಷ್ಟಕ್ಕೆಲ್ಲ ನಾನು ನಡೆದದ್ದು ಒಂದೂವರೆ ಕಿಲೋಮೀಟರ್ ಇರಬಹುದು. ಸ್ಕೂಟರ್ ಕೂಡ ತೆಗೆದಿಲ್ಲ. ನನ್ನ ಹತ್ತಿರ ಲೇತು ಇಲ್ಲ, ಬೇರಿಂಗಿನ ದಾಸ್ತಾನು ಇಲ್ಲ. ಮೋಟಾರ್ ಸುಟ್ಟರೆ ವೈಂಡಿಂಗ್ ನನಗೆ ಬರುವುದಿಲ್ಲ. ಅವೆಲ್ಲ ನನ್ನ ಸುತ್ತಮುತ್ತ ಇವೆ. ಹಾಗಾಗಿ ಅವನ್ನೆಲ್ಲ ನಾನೇ ಕೊಂಡು ಇಟ್ಟುಕೊಳ್ಳಬೇಕಿಲ್ಲ. ಹತ್ತು ಲಕ್ಷದ ಬಂಡವಾಳ ಬೇಕಾಗುವ ಕೆಲಸವನ್ನು ಒಂದು ಲಕ್ಷದಲ್ಲಿ ಶುರು ಮಾಡಬಹುದು. ಊರು ನನಗೆ ಕೊಟ್ಟ ಸಾಲ ಇದು ಅಂತಲೇ ನಾನು ತಿಳಿದಿದ್ದೇನೆ.

ಊರುಗಳು ಯಾಕೆ ಹಳ್ಳಿಗಿಂತ ಜಾಸ್ತಿ ದುಡಿಯುತ್ತವೆ ಅನ್ನೋದಕ್ಕೆ ಅರ್ಥಶಾಸ್ತ್ರದವರು ನೂರು ವರ್ಷಕ್ಕೂ ಹಿಂದಿನಿಂದ ಮೂರು ಕಾರಣ ಹೇಳುತ್ತಾ ಬಂದಿದ್ದಾರೆ. ಕೆಲಸ ಬಲ್ಲವರು ಒಂದೇ ಕಡೆ ಸಿಗುತ್ತಾರೆ. ಒಬ್ಬರ ಕೆಲಸಕ್ಕೆ ಬೇಕಾದ ಸಾಮಾನನ್ನು ಇನ್ನೊಬ್ಬರು ಪಕ್ಕದಲ್ಲೇ ಮಾರುತ್ತಾರೆ. ಒಬ್ಬರು ಕಲಿತದ್ದು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ನನ್ನ ಮಗಳು ಸಹ್ಯಾದ್ರಿ ಕಾಲೇಜಿನಲ್ಲಿ ಓದುವಾಗ ಇದನ್ನು ಪಾಠದಲ್ಲಿ ಓದಿ ಬಂದು ಹೇಳಿದಳು. ಕೇಳಿ ನನಗೆ ಮೈ ಜುಮ್ ಅಂತು. ಲೇತಿನ ಮುಂದೆ ನಿಂತು ಪುಲ್ಲಿಯ ವಿಷಯ ಕೇಳಿದ್ದೆನಲ್ಲ, ಮೂರನೇ ಕಾರಣ ಅದೇ. ಊರಿನ ಗಾತ್ರ ಎರಡು ಪಟ್ಟಾದರೆ ಒಬ್ಬೊಬ್ಬರ ದುಡಿಮೆ ಸುಮಾರು ಶೇ. 3ರಿಂದ 8ರಷ್ಟು ಏರುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಲೆಕ್ಕ ಹಾಕಿವೆಯಂತೆ. ಆದರೆ ಜನ ಜಾಸ್ತಿಯಾದ ಮಾತ್ರಕ್ಕೆ ಇದು ಆಗುವುದಿಲ್ಲ. ಒಬ್ಬರಿಗೊಬ್ಬರು ಕೈಗೆ ಸಿಗುವ ಹಾಗೆ ಇರಬೇಕು. ಐದು ಲಕ್ಷ ಜನ ಇದ್ದು, ಲೇತಿಗೆ ಹೋಗಿ ಬರೋದಕ್ಕೆ ಅರ್ಧ ದಿನ ಬೇಕು ಅಂದರೆ ಅದು ಐದು ಲಕ್ಷದ ಊರಿನ ಹಾಗೆ ದುಡಿಯುವುದಿಲ್ಲ.

ನನ್ನ ಜೊತೆಯಲ್ಲೇ ಕೆಲಸ ಕಲಿತ ಒಬ್ಬ ಗೆಳೆಯ ಇದ್ದಾನೆ. ನನಗಿಂತ ಕೈ ಚುರುಕು. ಕೆಲವು ವರ್ಷದ ಹಿಂದೆ ಅವನಿದ್ದ ಕಟ್ಟಡ ಒಡೆದರು. ಊರ ಹೊರಗೆ, ಹತ್ತು ಕಿಲೋಮೀಟರ್ ಆಚೆ ಒಂದು ಶೆಡ್ಡು ಸಿಕ್ಕಿತು. ಜಾಗ ದೊಡ್ಡದು, ಬಾಡಿಗೆ ಕಡಿಮೆ, ಲಾರಿ ನಿಲ್ಲಿಸಬಹುದು. ನಾವೆಲ್ಲ ಸಿಹಿ ತಿಂದು ಬಂದೆವು. ಆಮೇಲೆ ಒಂದೊಂದಾಗಿ ಕಷ್ಟ ಶುರುವಾಯ್ತು. ನೂರು ರೂಪಾಯಿಯ ಬೇರಿಂಗ್ ತರೋದಕ್ಕೆ ಒಬ್ಬ ಹುಡುಗನನ್ನು ಬೈಕಿನಲ್ಲಿ ಕಳಿಸಬೇಕು. ಅವನು ತಂದ ಸೈಜು ತಪ್ಪಿದರೆ ಮತ್ತೆ ಕಳಿಸಬೇಕು. ಬಸ್ಸಿನಲ್ಲಿ ಬಂದ ಚೀಲ ತರಲು ಇನ್ನೊಂದು ಸಲ. ಮಂಡಿಗೆ ಅಡಿಕೆ ತಂದ ರೈತರು ಅಲ್ಲಿಯವರೆಗೆ ಹೋಗಲಿಲ್ಲ. ಎರಡನೇ ವರ್ಷ ಹುಡುಗರೂ ಬಿಟ್ಟು ಹೋದರು, ದಿನದ ಕೂಲಿಯಲ್ಲಿ ಪೆಟ್ರೋಲಿಗೇ ಒಂದು ಪಾಲು ಹೋಗುತ್ತಿತ್ತು. ಈಗ ಅವನು ಬೆಂಗಳೂರಿನ ಪೀಣ್ಯದಲ್ಲಿ ಸಂಬಳಕ್ಕೆ ಇದ್ದಾನೆ. ಹಬ್ಬಕ್ಕೆ ಬಂದಾಗ ನನ್ನ ಅಂಗಡಿಯಲ್ಲಿ ಕೂತು, ಬಂದ ಶಾಫ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಮಲೆನಾಡಿನ ಹುಡುಗರು ಬೆಂಗಳೂರಿಗೆ ಯಾಕೆ ಹೋಗುತ್ತಾರೆ ಅಂತ ಸಭೆಗಳಲ್ಲಿ ಕೇಳುತ್ತೀರಲ್ಲ, ಇವನು ಹೋದದ್ದು ಹೀಗೆ.

ಮಂಡಿಗೆ ಬರುವ ರೈತರ ವಿಷಯ ಹೇಳಿದೆ. ಅವರ ಒಂದು ದಿನವನ್ನು ನೀವು ಹಿಂಬಾಲಿಸಿ ನೋಡಬೇಕು. ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನಲ್ಲಿ ರಾಶಿಯೋ ಬೆಟ್ಟೆಯೋ ತಮ್ಮ ಬಗೆಯ ಅಡಿಕೆ ಮಾರಿ ಚೀಟಿ ತಗೊಳ್ಳುತ್ತಾರೆ. ಮೋಟಾರ್ ವೈಂಡಿಂಗಿಗೆ ಕೊಟ್ಟು ಬರುತ್ತಾರೆ. ದುರ್ಗಿಗುಡಿಯಲ್ಲಿ ಡಾಕ್ಟರಿಗೆ ತಾಯಿಯನ್ನು ತೋರಿಸುತ್ತಾರೆ. ಗಾಂಧಿ ಬಜಾರಿನಲ್ಲಿ ಬಟ್ಟೆ, ಪೂಜೆ ಸಾಮಾನು, ಮದುವೆ ಇದ್ದರೆ ಬಂಗಾರ. ಎಲ್ಲ ಮುಗಿಸಿ ಸಂಜೆ ಬಸ್ಸು. ಒಂದೇ ಬಸ್ ಚಾರ್ಜಿನಲ್ಲಿ ಐದು ಕೆಲಸ. ಆ ಐದು ಕೆಲಸ ಹತ್ತಿರ ಹತ್ತಿರ ಇರೋದರಿಂದಲೇ ಸಾಗರ, ಹೊಸನಗರ, ತೀರ್ಥಹಳ್ಳಿಯ ದುಡ್ಡು ಶಿವಮೊಗ್ಗಕ್ಕೆ ಬಂದು ಕೈ ಬದಲಾಯಿಸುತ್ತದೆ. ಒಂದನ್ನು ಎತ್ತಿ ಹತ್ತು ಕಿಲೋಮೀಟರ್ ಆಚೆ ಇಟ್ಟರೆ ಉಳಿದ ನಾಲ್ಕೂ ಸೊರಗುತ್ತವೆ. ಇದು ನಕ್ಷೆಯಲ್ಲಿ ಕಾಣುವುದಿಲ್ಲ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ಅಷ್ಟೇ ಕಾಣುತ್ತದೆ.

ನಮ್ಮ ಹಳೇ ಊರು ಹಾಗೆ ಬಣ್ಣ ಬಣ್ಣ ಬೇರೆ ಮಾಡಿ ಕಟ್ಟಿದ್ದಲ್ಲ. ಉಪ್ಪಾರ ಕೇರಿ, ಲಷ್ಕರ್ ಮೊಹಲ್ಲಾ, ಎಲೆ ರೇವಣ್ಣನ ಕೇರಿ. ಈ ಹೆಸರುಗಳನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ, ಕಸುಬು ಹೆಸರಿನಲ್ಲೇ ಕೇಳುತ್ತದೆ. ಮನೆ ಎಲ್ಲಿಯೋ ಕಸುಬೂ ಅಲ್ಲೇ. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು ಹೊನ್ನಾವರ ರಸ್ತೆ. ಬಯಲುಸೀಮೆಗೂ ಕರಾವಳಿಗೂ ನಡುವಿನ ಆ ದಾರಿಯ ಬೆನ್ನಿಗೆ ಅಂಟಿಕೊಂಡು ಊರು ಬೆಳೆಯಿತು. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಕೊಟ್ಟಿಗೆಯಂಥ ಒಂದು ಕೆಲಸದ ಜಾಗ. ನನ್ನ ಅಂಗಡಿ ಇವತ್ತಿಗೂ ಹಾಗೇ ಇದೆ.

ಇನ್ನು ಭದ್ರಾವತಿ. ನನ್ನ ಮಾತು ಅರ್ಥವಾಗಬೇಕಾದರೆ 20 ಕಿಲೋಮೀಟರ್ ದೂರದ ಆ ಊರನ್ನು ನೋಡಲೇಬೇಕು. ಹಿಂದೆ ಅದರ ಹೆಸರು ಬೆಂಕಿಪುರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿ ಬೆಳೆಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕಾರ್ಖಾನೆಯವರೇ ಕ್ವಾರ್ಟರ್ಸ್ ಕಟ್ಟಿದರು, ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಅಗಲವಾದ ರಸ್ತೆ, ಸಾಲು ಮರ. ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವನ ಕ್ವಾರ್ಟರ್ಸಿಗೆ ರಜೆಗೆ ಹೋಗುತ್ತಿದ್ದೆ. ಸೈರನ್ ಕೂಗಿದರೆ ಅತ್ತೆ ಒಲೆಯ ಮೇಲೆ ಅನ್ನಕ್ಕೆ ಇಡುತ್ತಿದ್ದರು. ಅಂಥ ಶಿಸ್ತಿನ ಊರನ್ನು ನಾನು ಇನ್ನೊಂದು ನೋಡಿಲ್ಲ.

ಆದರೆ ಇಡೀ ಊರು ಎರಡು ಗೇಟಿನ ಮೇಲೆ ನಿಂತಿತ್ತು. ನಾಲ್ಕು ಕಡೆಯ ಗಿರಾಕಿಗೆ ಕೆಲಸ ಮಾಡಿಕೊಡುವ ಸಣ್ಣ ಲೇತುಗಳು, ಸ್ವಂತ ಶೆಡ್ಡು ಹಾಕಿಕೊಂಡ ಕೆಲಸಗಾರರು ಶಿವಮೊಗ್ಗದಷ್ಟು ಅಲ್ಲಿ ಬೆಳೆಯಲಿಲ್ಲ. ಬೇಕಾದ್ದೆಲ್ಲ ಕಾರ್ಖಾನೆಯ ಒಳಗೇ ಆಗುತ್ತಿತ್ತು, ಒಳ್ಳೆ ಕೆಲಸಗಾರರೆಲ್ಲ ಒಳಗೇ ಇದ್ದರು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಜನಗಣತಿಯ ಲೆಕ್ಕ ನೋಡಿ. ಭದ್ರಾವತಿಯ ಜನಸಂಖ್ಯೆ 2001ರಲ್ಲಿ ಸುಮಾರು 1 ಲಕ್ಷ 60 ಸಾವಿರ ಇದ್ದದ್ದು 2011ಕ್ಕೆ 1 ಲಕ್ಷ 51 ಸಾವಿರಕ್ಕೆ ಇಳಿಯಿತು. ಕಾಗದ ಕಾರ್ಖಾನೆ ನಿಲ್ಲುವ ಮುಂಚೆಯೇ ಜನ ಹೊರಟಿದ್ದರು. ಅದೇ ಹತ್ತು ವರ್ಷದಲ್ಲಿ ಶಿವಮೊಗ್ಗ 2 ಲಕ್ಷ 74 ಸಾವಿರದಿಂದ 3 ಲಕ್ಷ 22 ಸಾವಿರಕ್ಕೆ ಏರಿತು. ಎರಡೂ ಊರಿಗೆ ಅದೇ ಮಳೆ, ಅದೇ ರೈಲು, ಅದೇ ಹೆದ್ದಾರಿ.

ಶಿವಮೊಗ್ಗಕ್ಕೆ ಜಿಲ್ಲಾ ಕೇಂದ್ರ ಅನ್ನುವ ಬಲವೂ ಇತ್ತು, ಅದನ್ನು ನಾನು ಮರೆತಿಲ್ಲ. ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲ ಇಲ್ಲೇ. ಆದರೂ ಇಲ್ಲಿಯ ಎರಕದ ಫೌಂಡ್ರಿಗಳನ್ನು, ಮಂಡಿಗಳನ್ನು, ಗಲ್ಲಿಯ ವರ್ಕ್‌ಶಾಪುಗಳನ್ನು ಯಾರೂ ಒಂದೇ ದಿನದಲ್ಲಿ ಮುಚ್ಚಲಾರರು. ಒಂದು ಮುಚ್ಚಿದರೆ ಅಲ್ಲಿಯ ಹುಡುಗ ಪಕ್ಕದಲ್ಲಿ ಇನ್ನೊಂದು ತೆರೆಯುತ್ತಾನೆ. ದೊಡ್ಡ ಕಾರ್ಖಾನೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಬಸ್ಸು ತುಂಬಿ ಹೋಗುವ ಹೆಣ್ಣುಮಕ್ಕಳನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ದೊಡ್ಡದಕ್ಕೆ ದೊಡ್ಡ ಜಾಗ ಬೇಕು, ಅದು ಹೊರಗೇ ಇರಲಿ. ಸಣ್ಣದನ್ನು ಅದರ ಜೊತೆ ಸೇರಿಸಿ ಹೊರಗೆ ನೂಕಬೇಡಿ ಅನ್ನೋದಷ್ಟೇ ನನ್ನ ಮಾತು.

ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆ ಕಡೆಗೆ ಹೊಸ ಲೇಔಟುಗಳ ಬೋರ್ಡು ಬಿದ್ದಿವೆ. ಬೇರೆ ದಿಕ್ಕುಗಳಲ್ಲೂ ಅಷ್ಟೇ. 30-40ರ ಸೈಟು, ಸುತ್ತ ಕಲ್ಲು ನೆಟ್ಟು ಬಿಟ್ಟಿದ್ದಾರೆ, ಎಷ್ಟೋ ಸೈಟಿನಲ್ಲಿ ಪಾರ್ಥೇನಿಯಂ ಬೆಳೆದಿದೆ. ಮನೆ ಕಟ್ಟಿದವರು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೆಯಬೇಕು. ಸಂಜೆ ಏಳರ ಮೇಲೆ ಸಿಟಿ ಬಸ್ಸು ಸಿಗೋದು ಕಷ್ಟ. ಅಲ್ಲಿ ಒಂದು ಹೊಲಿಗೆ ಅಂಗಡಿ ಇಡೋಣ ಅಂದರೆ ಇದು ವಸತಿ ಬಡಾವಣೆ, ಆಗಲ್ಲ ಅಂತಾರೆ. ನನ್ನ ತಂಗಿಗೆ ಹಾಗೇ ಆಯ್ತು. ಗಾಂಧಿ ಬಜಾರಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದಾಗ ದಿನಾ ಎಂಟು ಹತ್ತು ಬ್ಲೌಸು ಹೊಲಿಯುತ್ತಿದ್ದಳು. ಬಟ್ಟೆ ಅಂಗಡಿಯಿಂದ ಗಿರಾಕಿ ನೇರವಾಗಿ ಅವಳ ಮನೆಗೆ ಬರುತ್ತಿದ್ದರು. ಸ್ವಂತ ಮನೆ ಅಂತ ಬಡಾವಣೆಗೆ ಹೋದ ಮೇಲೆ ದಿನಕ್ಕೆ ಎರಡು. ಮೆಷಿನ್ನಿನ ಮೇಲೆ ಈಗ ಟಿವಿಯ ರಿಮೋಟು, ಔಷಧಿ ಡಬ್ಬ ಇಟ್ಟಿದ್ದಾಳೆ. ಕೈಯಲ್ಲಿ ಕಸುಬು ಇದೆ, ಎದುರಿಗೆ ಗಿರಾಕಿ ಇಲ್ಲ.

ನಮ್ಮ ಮೇಲೂ ದೂರು ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಗ್ರೈಂಡರ್ ಹಿಡಿದರೆ ಪಕ್ಕದ ಮನೆಯ ಮಗು ಏಳುತ್ತದೆ. ರಿಪೇರಿಯ ಹಳೇ ಎಣ್ಣೆ ಚರಂಡಿಗೆ ಬಿದ್ದರೆ ಅದು ಹೋಗಿ ಸೇರೋದು ತುಂಗೆಗೆ. ಇದು ತಪ್ಪು. ನಮ್ಮಲ್ಲಿ ಎಷ್ಟೋ ಜನ ಈ ತಪ್ಪು ಮಾಡಿದ್ದೇವೆ. ನನ್ನ ಎದುರು ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಒಂದು ದಿನ ಬಂದು, "ನೋಡಪ್ಪಾ, ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬೇಡ, ಉಳಿದ ಹೊತ್ತು ನಾನು ತಡ್ಕೋತೀನಿ" ಅಂದರು. ಅವತ್ತಿನಿಂದ ಆ ಎರಡು ಗಂಟೆ ನಾವು ಬಿಚ್ಚುವ, ಒರೆಸುವ, ಅಳತೆಯ ಕೆಲಸ ಮಾತ್ರ ಮಾಡುತ್ತೇವೆ. ಹಳೇ ಎಣ್ಣೆಯನ್ನು ಕ್ಯಾನಿಗೆ ತುಂಬಿಸಿ ಕೊಂಡುಕೊಳ್ಳುವವರಿಗೆ ಕೊಡುತ್ತೇವೆ. ಸದ್ದಿಗೆ ಹೊತ್ತು ಗೊತ್ತು ಮಾಡಿ, ಎಣ್ಣೆಗೆ ನಿಯಮ ಮಾಡಿ, ತಪ್ಪಿದವರಿಗೆ ದಂಡ ಹಾಕಿ. ನಾನೇ ಮೊದಲು ಕಟ್ಟುತ್ತೇನೆ. ಕುದಿಸುವ, ಎರಕ ಹೊಯ್ಯುವ, ಆಸಿಡ್ ಬಳಸುವ ಕೆಲಸ ಮನೆಗಳ ನಡುವೆ ಬೇಡ ಅನ್ನೋದೂ ಸರಿ. ಒಂದು ಲೇತು, ಒಂದು ಹೊಲಿಗೆ ಮೆಷಿನ್ನು, ಒಂದು ಪ್ರಿಂಟಿಂಗ್ ಪ್ರೆಸ್ಸು ಆ ಪಟ್ಟಿಗೆ ಸೇರಬಾರದು.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. 1992ರ 74ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ಕೆಲಸಗಳ ಪಟ್ಟಿ ಅದು. ಮೊದಲನೆಯದು ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಮೂರನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ಬರೆದವರು ಮೂರನ್ನೂ ಒಂದರ ಪಕ್ಕ ಒಂದು ಇಟ್ಟಿದ್ದಾರೆ. ನಮ್ಮಲ್ಲಿ ನಕ್ಷೆ ಒಂದು ಕಚೇರಿಯಲ್ಲಿ, ಲೈಸೆನ್ಸು ಇನ್ನೊಂದರಲ್ಲಿ, ಕೈಗಾರಿಕೆ ಮತ್ತೊಂದರಲ್ಲಿ, ಬಸ್ಸಿನ ದಾರಿ ಮಗದೊಂದರಲ್ಲಿ. ನಾಲ್ಕೂ ಕಡೆಯವರು ಒಂದು ಮೇಜಿನ ಸುತ್ತ ಕೂತು ಊರಿನ ದುಡಿಮೆಯ ಬಗ್ಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಅದು ಆಗಬೇಕು.

ಬಣ್ಣ ತುಂಬುವ ಮುಂಚೆ ಎಣಿಸಿ. ಪಾಲಿಕೆಗೆ 35 ವಾರ್ಡು. ಒಂದೊಂದು ವಾರ್ಡಿನಲ್ಲಿ ಯಾವ ಯಾವ ಕಸುಬು ನಡೆಯುತ್ತದೆ, ಎಷ್ಟು ಜನಕ್ಕೆ ಅನ್ನ ಕೊಡುತ್ತದೆ, ಯಾರು ಯಾರಿಂದ ಸಾಮಾನು ತರುತ್ತಾರೆ ಅಂತ ನಡೆದು ಬರೆದುಕೊಳ್ಳಲಿ. ಕಾಲೇಜಿನ ಮಕ್ಕಳಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾರೆ. ಈ ನಾಡನ್ನು ಆಳಿದ ಕೆಳದಿಯ ದೊರೆ ಶಿವಪ್ಪ ನಾಯಕ ಮಣ್ಣಿನ ಗುಣ ನೋಡಿ, ಬೆಳೆ ಅಳೆದು ಆಮೇಲೆ ಕಂದಾಯ ಕಟ್ಟಿದವನು. ಶಿಸ್ತು ಅಂದರೆ ಇವತ್ತಿಗೂ ಅವನ ಹೆಸರೇ ಬರುತ್ತದೆ.

ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಊರಿನ ಜನಸಂಖ್ಯೆಯ ಶೇ. 2.5ರವರೆಗೆ ಬೀದಿ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅನ್ನುತ್ತದೆ ಅದು. 2011ರ ಜನಸಂಖ್ಯೆ ಹಿಡಿದರೂ ಶಿವಮೊಗ್ಗಕ್ಕೆ ಸುಮಾರು 8 ಸಾವಿರ ಜನ. ಇವರ ಜಾಗವನ್ನು ನಕ್ಷೆಯಲ್ಲೇ ತೋರಿಸಿದರೆ ಆಮೇಲೆ ಫುಟ್‌ಪಾತಿನಿಂದ ಎಬ್ಬಿಸುವ ಪ್ರಸಂಗವೇ ಬರುವುದಿಲ್ಲ.

ಸಣ್ಣ ವರ್ಕ್‌ಶಾಪುಗಳನ್ನು ಸ್ಥಳಾಂತರ ಮಾಡಲೇಬೇಕು ಅಂತಾದರೆ ಒಂದೊಂದಾಗಿ ಕೀಳಬೇಡಿ. ಇಡೀ ಗಲ್ಲಿಯನ್ನು, ಲೇತು, ವೆಲ್ಡಿಂಗ್, ಬೇರಿಂಗ್, ಬೆಲ್ಟು, ಟೀ ಅಂಗಡಿ ಸಮೇತ ಒಟ್ಟಿಗೆ ಕರೆದುಕೊಂಡು ಹೋಗಿ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಜಾಗ ಕೊಡಿ. ಸೈಟು ಸಣ್ಣದಿರಲಿ. ನಮ್ಮಂಥವರಿಗೆ 20 ಅಡಿ ಅಗಲ ಸಾಕು. ಮಾರೋದಕ್ಕಿಂತ ಬಾಡಿಗೆಗೆ ಕೊಟ್ಟರೆ ಹೊಸ ಹುಡುಗರೂ ಬರುತ್ತಾರೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಮೂಲೆ ಸೈಟುಗಳಲ್ಲಿ ಅಂಗಡಿಗೆ, ಮನೆಯ ಕೆಳಗಿನ ಕೋಣೆಯಲ್ಲಿ ಸಣ್ಣ ಕಸುಬಿಗೆ ಮೊದಲೇ ಅನುಮತಿ ಇರಲಿ. ಬಸ್ಸು ಬರುವ ದಾರಿಯನ್ನು ಲೇಔಟಿನ ನಕ್ಷೆಯಲ್ಲೇ ಕೇಳಿ. ಭದ್ರಾವತಿಯನ್ನೂ ನಮ್ಮನ್ನೂ ಒಂದೇ ಊರಿನ ಎರಡು ಭಾಗ ಅಂತ ತಿಳಿದು ಯೋಚಿಸಿ. ಅಲ್ಲಿ ಉಕ್ಕು ಬಲ್ಲ ಕೈಗಳು ಖಾಲಿ ಇವೆ, ಇಲ್ಲಿ ಕೈಗಳು ಬೇಕಾಗಿವೆ. ಹತ್ತು ನಿಮಿಷಕ್ಕೊಂದು ಬಸ್ಸು, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಇದ್ದರೆ ಆ ಕೆಲಸಗಾರರು ಮನೆ ಬಿಡದೆ ಇಲ್ಲಿ ದುಡಿಯಬಹುದು.

ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅಂತ ಯೋಜನೆ ಪ್ರಕಟಿಸಿದಾಗ ಜಾಹೀರಾತು ಬರುತ್ತದೆ. ನನ್ನ ಗಲ್ಲಿಯಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅದಕ್ಕೆ ಒಂದು ವಿನಂತಿ. ಬರುವ ಕೊಯ್ಲಿಗೆ, ಡಿಸೆಂಬರಿನ ಯಾವುದಾದರೂ ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಇಂಜಿನಿಯರುಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬನ್ನಿ. ಕಾರು ಬೇಡ, ನಡೆದೇ ಓಡಾಡೋಣ. ಮೊದಲ ಫೋನು ಬರುವ ಹೊತ್ತಿಗೆ ಟೀ ಕುಡಿದಿರುತ್ತೇವೆ. ಮೂರೂವರೆಯ ತೀರ್ಥಹಳ್ಳಿ ಬಸ್ಸಿಗೆ ಚೀಲ ಹಾಕುವವರೆಗೆ ನನ್ನ ಜೊತೆ ಇರಿ, ಅಷ್ಟು ಸಾಕು. ಎರಡರಿಂದ ನಾಲ್ಕು ಮಾತ್ರ ಸ್ವಲ್ಪ ಮೆಲ್ಲಗೆ ಮಾತಾಡಬೇಕಾಗುತ್ತದೆ, ಮೇಷ್ಟ್ರು ಮಲಗಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಅಡಿಕೆ ಮಷಿನ್ ರಿಪೇರಿಯವನು
ಬಿ.ಎಚ್. ರಸ್ತೆಯ ಹಿಂಬದಿ, ಶಿವಮೊಗ್ಗ